ಉಳಿದವಳು

ಕಿಸುಮು. ಕೊಂಡೆಲೆ ಸಂತೆಯ ಹಿಂದೆ
ಹೊಲಿಗೆಯಂಗಡಿಯ ತಲೆಮೇಲೆ ನನ್ನ ಕೋಣೆ.
ಲ್ಯಾಪ್‌ಟಾಪು ನನ್ನದೇ, ಅಂದರೆ
ಒಕುಮು ಬಿಚ್ಚಿ, ಬೆಸೆದು, ಮಾರಿದ್ದು;
ಎರಡು ಕಂತು ಬಾಕಿ.
ಎಂಟರ ಗುಂಡಿ ಉದುರಿಹೋಗಿ
ರಬ್ಬರಿನ ಮೊಗ್ಗೊಂದು ಉಳಿದಿದೆ.
ಉಗುರಿನಿಂದ ಒತ್ತಿದರೆ
ಒಮ್ಮೊಮ್ಮೆ ಎಂಟು, ಒಮ್ಮೊಮ್ಮೆ ಎಂಬತ್ತೆಂಟು.

ಇದರಲ್ಲಿ ಕೋಡ್ ಓಡಿಸುವುದೆಂದರೆ
ಮುದಿಗತ್ತೆಯ ಬೆನ್ನಿಗೆ ಮದುವೆ ದಿಬ್ಬಣ.
ಫ್ಯಾನು ಏದುತ್ತದೆ, ತೊಡೆ ಸುಡುತ್ತದೆ,
ಪರದೆ ಕಲ್ಲಾಗುತ್ತದೆ.
ಓವಿತಿ ನೋಡಿ ನಕ್ಕ:
"ಬರೆಯುವುದು ಇಲ್ಲಿ, ಬೇಯಿಸುವುದು ಅಲ್ಲಿ.
ಫಿನ್ಲೆಂಡಿನಲ್ಲಿ ಯಂತ್ರವೊಂದು ಬಾಡಿಗೆಗಿದೆ,
ಗಂಟೆಗೆ ಒಂದು ಚಪಾತಿಯ ಬೆಲೆ.
ನಿನ್ನ ಕೈಲಿ ಎಡಿಟರ್ ಇದ್ದರೆ ಸಾಕು."

ಕೀಲಿ ಹುಟ್ಟಿಸಿದೆ. ಅವಳಿ.
ಲುವೋ ಮನೆಗಳಲ್ಲಿ ಅವಳಿಗೆ ಹೆಸರು ಹುಡುಕುವುದಿಲ್ಲ:
ಮೊದಲು ಬಂದವಳು ಅಪಿಯೊ, ಚುರುಕಿನವಳು;
ಹಿಂದೆ ಬಂದವಳು ಅಡೊಂಗೊ, ಉಳಿದವಳು.
ಅಪಿಯೊಳನ್ನು ಫಿನ್ಲೆಂಡಿಗೆ ಕಳಿಸಿದೆ,
ಹೋಗಿ ಆ ಮನೆಯ ಬಾಗಿಲಿಗೆ ಬೀಗವಾಗು ಎಂದು.
ಅಡೊಂಗೊ ಇಲ್ಲೇ, ಯಾರ ಕಣ್ಣಿಗೂ ಬೀಳದೆ,
ಚುಕ್ಕಿಯಿಟ್ಟು ಮರೆಮಾಡಿದ ಫೋಲ್ಡರಿನೊಳಗೆ.
ಅವಳು ಹೊರಗೆ ಕಾಲಿಟ್ಟರೆ ಆಟ ಮುಗಿಯಿತು.

ಮೊದಲ ಸಲ ಕದ ತಟ್ಟಿದಾಗ ಕೇಳಿತು:
ಈ ಯಂತ್ರದ ಗುರುತು ನಮಗಿಲ್ಲ.
ಇಗೋ ಇದರ ಬೆರಳಚ್ಚು. ಮುಂದುವರಿಯುವುದು ನಿಜವೇ?
ಬೆರಳಚ್ಚು ನೋಡಿದೆ. ಯಾರೋ ಅಕ್ಷರಗಳನ್ನು
ಮೊರದಲ್ಲಿ ಹಾಕಿ ಕೇರಿದ ಹಾಗಿತ್ತು.
ಗೊತ್ತಿಲ್ಲದವರಿಗೆ ಮಾಮಾ ರಿಸ್ಪರ್
ಒಂದು ಬೇಸಿನ್ ಒಮೆನ ಮೀನು ಸಾಲ ಕೊಡುವುದಿಲ್ಲ;
ಕೊಡುವ ಮುಂಚೆ ಮುಖವನ್ನು
ಒಂದು ಗಳಿಗೆ ಹೆಚ್ಚೇ ನೋಡುತ್ತಾಳೆ.
ನಾನೂ ಅಷ್ಟೇ ಹೊತ್ತು ನೋಡಿದೆ.
ಹ್ಞೂಂ ಎಂದೆ. ಹ್ಞೂಂ ಸಾಲದು,
ಹೌದು ಎಂದು ಪೂರ್ತಿ ಬರೆ, ಎಂದಿತು.
ಬರೆದೆ.

ಆಮೇಲೆ ಎಲ್ಲ ಹತ್ತಿರವೇ ಇದ್ದಂತೆ.
ಅಕ್ಷರ ಒತ್ತಿದಲ್ಲೇ ಮೂಡುತ್ತದೆ;
ತಪ್ಪಿನ ಕೆಂಪುಗೆರೆ ಮಾತ್ರ ತಡವಾಗಿ ಬರುತ್ತದೆ,
ಹಿಮದ ಊರಲ್ಲಿ ಯಾರೋ ಕೈಗವಸು ಕಳಚಿ,
ಓದಿ, ಯೋಚಿಸಿ
ಗೆರೆ ಎಳೆದ ಹಾಗೆ.
ಡುಂಗಾ ದಡದ ಹೆಂಗಸರ ಲೆಕ್ಕ ಅದು:
ಯಾರ ದೋಣಿ, ಎಷ್ಟು ಬೇಸಿನ್,
ಒಣಗಿದ ಮೇಲೆ ಎಷ್ಟು ಕಡಿಮೆ.
ಸರೋವರ ನೋಡದ ಯಂತ್ರ
ತೂಕದಿಂದ ತೇವ ಕಳೆಯಲು ಕಲಿಯುತ್ತಿತ್ತು.

ಮೂರೂವರೆಗೆ ಕರೆಂಟು ಹೋಯಿತು.
ಕೆಳಗೆ ಒಜ್ವಾಂಗನ ಹೊಲಿಗೆಯಂತ್ರ ನಿಲ್ಲಲಿಲ್ಲ,
ಅದಕ್ಕೆ ಅವನ ಕಾಲೇ ಕರೆಂಟು.
ನನ್ನ ಪರದೆಯ ಮೂಲೆಯಲ್ಲಿ ಮಾತ್ರ
ಮತ್ತೆ ಕೂಡಿಸುತ್ತಿದ್ದೇನೆ, ಮತ್ತೆ, ಮತ್ತೆ.
ಬರೆದ ಹನ್ನೆರಡು ಸಾಲು ಕಣ್ಣೆದುರಿಗಿದೆ,
ಇಡಲು ಜಾಗವಿಲ್ಲ.
ಮದುವೆಮನೆಯಲ್ಲಿ ಎಲೆ ಸಿಗದೆ
ಅನ್ನ ಹಿಡಿದು ನಿಂತವಳ ಪಾಡು.
ಬ್ಯಾಟರಿ ಹನ್ನೊಂದು.

ಫೋನಿಗೆ ಐವತ್ತು ಶಿಲ್ಲಿಂಗ್ ಡೇಟಾ ಹಾಕಿ
ತಗಡಿನ ಮಾಡು ಹತ್ತಿದೆ.
ಅಲ್ಲಿ ಯಂತ್ರ ಮಲಗಿಬಿಟ್ಟಿತ್ತು; ಅರ್ಧ ಗಂಟೆ
ಯಾರೂ ಮಾತಾಡಿಸದಿದ್ದರೆ ಮಲಗುವ ಕರಾರು.
ಎಬ್ಬಿಸಿದೆ. ಓಡುತ್ತಿದ್ದುದೆಲ್ಲ ಮರೆತು ಎದ್ದಿತು,
ಇಟ್ಟದ್ದನ್ನು ಮರೆತಿರಲಿಲ್ಲ.
ಅಡೊಂಗೊ ಒಳಗಿಂದಲೇ ಸನ್ನೆ ಮಾಡಿದಳು,
ಬಾಗಿಲು ತೆರೆಯಿತು.
ಹನ್ನೆರಡು ಸಾಲು ಒಳಗೆ ಹೋದವು.
ಬ್ಯಾಟರಿ ನಾಲ್ಕು.

ಸಂಜೆ ಮಾಮಾ ರಿಸ್ಪರ್ ಮೆಟ್ಟಿಲ ಬುಡದಲ್ಲಿ:
"ಅಪೊಂಡಿ, ನನ್ನ ಲೆಕ್ಕ ಎಲ್ಲಿ?"
"ಫಿನ್ಲೆಂಡಿನಲ್ಲಿದೆ, ಮಾಮಾ."
"ಚಳಿಯ ಊರಾ?"
"ಭಾರೀ ಚಳಿ."
"ಹಾಗಾದರೆ ಕೆಡುವುದಿಲ್ಲ ಬಿಡು,"
ಅಂದಳು. ಹೋಗಲಿಲ್ಲ.
"ಆದರೂ ಒಂದು ಕಾಗದದಲ್ಲಿ ಕೊಡು."

ಹೊಲಿಗೆಯಂಗಡಿಯ ರಸೀದಿ ಪುಸ್ತಕದ ಹಿಂಬದಿ,
ಫೋನಿನ ಬೆಳಕಲ್ಲಿ ನೋಡಿ ನೋಡಿ ಬರೆದೆ.
ಎಂಬತ್ತೆಂಟು ಬೇಸಿನ್.
ಅಲ್ಲ, ಎಂಟು. ಅವಳೇ ಬೆರಳಿಟ್ಟು ಹೊಡೆದುಹಾಕಿಸಿದಳು.